1960ರ ದಶಕದ ಎಎಂಟಿ ಮತ್ತು ರೆವೆಲ್ ಪ್ಲಾಸ್ಟಿಕ್ ಕಾರ್ ಕಿಟ್‌ಗಳಲ್ಲಿ ಜೋಡಿಸಲು ಯಾವುದು ಸುಲಭ? ಯಾಕೆ?

ಎಎಂಟಿ. ಹಳೇ ಕಿಟ್ ಮೊದಲ ಸಲ ಕೈಗೆತ್ತಿಕೊಳ್ಳುವವರಿಗೆ ನಾನು ಯೋಚನೆ ಮಾಡದೆ ಹೇಳುವುದು ಇದನ್ನೇ.

ಕಾರಣ ಇರುವುದು ಬಾಡಿಯಲ್ಲಿ. ಅಮೆರಿಕದ ಎಎಂಟಿ ಕಂಪನಿ ಮೊದಲು ಮಾಡುತ್ತಿದ್ದುದು ಕಾರ್ ಡೀಲರ್‌ಗಳು ಪ್ರಚಾರಕ್ಕೆ ಬಳಸುತ್ತಿದ್ದ, ಪೂರ್ತಿ ಜೋಡಿಸಿದ ಪುಟ್ಟ ಕಾರುಗಳನ್ನು. 1958ರಲ್ಲಿ ಅದೇ ಕೆಲಸದ ಮುಂದುವರಿಕೆಯಾಗಿ 1/25 ಅಳತೆಯ ಕಿಟ್‌ಗಳನ್ನು ತಂದಿತು. ಅಂದರೆ ನಿಜವಾದ ಕಾರು ಮಾದರಿಗಿಂತ 25 ಪಟ್ಟು ಉದ್ದ. ಇವುಗಳ ಅಚ್ಚಿನ ಪಕ್ಕದ ಭಾಗಗಳು ಹೊರಕ್ಕೆ ಸರಿಯುತ್ತವೆ. ಹಾಗಾಗಿ ಛಾವಣಿ, ಬಾಗಿಲು, ಹಿಂಭಾಗ ಎಲ್ಲ ಸೇರಿ ಒಂದೇ ತುಂಡಾಗಿ ಹೊರಬರುತ್ತದೆ. ಅಂಟಿಸುವಾಗ ಬಾಡಿ ಸೊಟ್ಟಗಾಗುವ ಭಯವೇ ಇಲ್ಲ.

ರೆವೆಲ್ ಆಸೆ ದೊಡ್ಡದು. 1957ರ ಮಾಡೆಲ್ ಷೆವ್ರೊಲೆ ಕಾರಿನ ಅದರ ಕಿಟ್ ನೋಡಿ. ಬಾಗಿಲು, ಬಾನೆಟ್, ಡಿಕ್ಕಿ ಎಲ್ಲವೂ ತೆರೆಯುತ್ತವೆ! ಆದರೆ ಒಂದೊಂದೂ ಬೇರೆ ತುಂಡು. ಬಾಗಿಲಿನ ಹಿಂಜ್ ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಸಂದು ಬಿಡುತ್ತದೆ. ಅದರ ಮೇಲೆ ಬಣ್ಣದ ಪದರ ಬೇರೆ. ಸಣ್ಣ ಸಣ್ಣ ವ್ಯತ್ಯಾಸ ಸೇರಿ ಕೊನೆಗೆ ಬಾಗಿಲು ಮುಚ್ಚುವುದೇ ಇಲ್ಲ.

ಹಾಗಂತ ಎಎಂಟಿ ಎಲ್ಲದರಲ್ಲೂ ಮೇಲು ಅಂತಲ್ಲ. ಅದರ ಹಲವು ಹಳೇ ಕಿಟ್‌ಗಳಲ್ಲಿ ಮುಂದಿನ ಚಕ್ರಗಳ ಲೋಹದ ಕಡ್ಡಿ ಎಂಜಿನ್ನಿನ ಹೊಟ್ಟೆಯಲ್ಲೇ ತೂರಿಕೊಂಡು ಹೋಗುತ್ತದೆ. ಬಾನೆಟ್ ಎತ್ತಿ ತೋರಿಸುವವರಿಗೆ ಆ ತೂತು ಕಣ್ಣಿಗೆ ಚುಚ್ಚುತ್ತದೆ, ಅಲ್ವಾ? ತಾಳ್ಮೆ ಜಾಸ್ತಿ ಇದ್ದು, ಒಳಗಿನ ವಿವರವೇ ಮುಖ್ಯ ಅನ್ನುವವರು ರೆವೆಲ್ ತೆಗೆದುಕೊಳ್ಳಿ. ಅಂಟು ಹಚ್ಚುವ ಮುಂಚೆ ಮಾತ್ರ ಎಲ್ಲ ತುಂಡುಗಳನ್ನೂ ಟೇಪಿನಲ್ಲಿ ಹಿಡಿಸಿ ನೋಡಿ.