ಆನ್‌ಲೈನಿನಲ್ಲಿ ಮಾರಿದ ಕುದುರೆ ಜೀನನ್ನು ಹಾನಿಯಾಗದಂತೆ ಕಳುಹಿಸುವುದು ಹೇಗೆ?

ಜೀನಿನ ಅಡಿಯ ಟೊಳ್ಳನ್ನು ಗಟ್ಟಿಯಾಗಿ ತುಂಬಿ, ಅಲುಗಾಡಲು ಜಾಗ ಬಿಡದೆ, ಎರಡು ಪದರದ ರಟ್ಟಿನ ಪೆಟ್ಟಿಗೆಯಲ್ಲಿ ಕಳುಹಿಸಿ.

ಚರ್ಮದ ಮೇಲಿನ ಗೀರನ್ನು ಹೇಗೋ ಸರಿಪಡಿಸಬಹುದು. ಕಾಪಾಡಬೇಕಾದದ್ದು ಒಳಗಿನ ಚೌಕಟ್ಟನ್ನು. ಇಂಗ್ಲಿಷ್ ಮಾದರಿಯ ಜೀನುಗಳಲ್ಲಿ ಇದು ಮರ ಮತ್ತು ಉಕ್ಕಿನದು, ಇಲ್ಲವೇ ಪ್ಲಾಸ್ಟಿಕ್ಕಿನದು, ಆಕಾರ ಕಮಾನಿನಂಥದ್ದು. ಮೇಲೆ ಭಾರದ ಪೆಟ್ಟಿಗೆ ಬಿದ್ದರೆ ಕಮಾನಿನ ಕಾಲುಗಳು ಅಗಲವಾಗಿ ಬಿರುಕು ಬಿಡಬಹುದು. ಆ ಬಿರುಕು ಹೊರಗೆ ಕಾಣುವುದಿಲ್ಲ, ಆದರೆ ಸವಾರನ ಭಾರವೆಲ್ಲ ಕುದುರೆಯ ಬೆನ್ನಿನ ಒಂದೇ ಕಡೆ ಒತ್ತಿ ಅದಕ್ಕೆ ನೋವಾಗುತ್ತದೆ. ಪಾಪ, ಅದು ಬಾಯಿಬಿಟ್ಟು ಹೇಳಲಾರದು.

ಆದ್ದರಿಂದ ಸುರುಳಿ ಸುತ್ತಿದ ಕಂಬಳಿಯನ್ನೋ ಕಾಗದದ ಉಂಡೆಗಳನ್ನೋ ಕಮಾನಿನೊಳಗೆ ತುರುಕಿ. ರಿಕಾಪುಗಳನ್ನು, ಅಂದರೆ ಸವಾರ ಪಾದವಿಡುವ ಬಳೆಗಳನ್ನು, ಕಳಚಿ ಬೇರೆಯಾಗಿ ಸುತ್ತಿಡಿ. ಬಿಟ್ಟರೆ ದಾರಿಯುದ್ದಕ್ಕೂ ಕಬ್ಬಿಣ ಚರ್ಮವನ್ನು ಉಜ್ಜುತ್ತದೆ. ಪಕ್ಕದ ಚರ್ಮದ ಹಾಳೆಗಳನ್ನು ಮಡಿಸಬೇಡಿ, ಗೆರೆ ಉಳಿಯುತ್ತದೆ. ಮೊದಲ ಸುತ್ತು ಹತ್ತಿ ಬಟ್ಟೆಯದಾಗಿರಲಿ. ಪ್ಲಾಸ್ಟಿಕ್ಕನ್ನು ನೇರವಾಗಿ ಸುತ್ತಿದರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ, ಮಳೆಗಾಲದಲ್ಲಂತೂ ಬೇಗ.

ಬೆಲೆ ಹೇಳುವ ಮೊದಲೇ ಸಾಗಣೆ ವೆಚ್ಚ ಲೆಕ್ಕ ಹಾಕಿ. ತೂಕ ಮತ್ತು ಗಾತ್ರದ ಲೆಕ್ಕಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ಕೊರಿಯರ್‌ನವರು ಹಣ ಪಡೆಯುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ರೂಢಿ. 60, 50, 50 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ 7 ಕಿಲೋ ಜೀನಿದ್ದರೂ 30 ಕಿಲೋ ಎಂದೇ ಲೆಕ್ಕ. ಕಟ್ಟುವ ಮುನ್ನ ಎಲ್ಲ ಬದಿಗಳ ಫೋಟೋ ತೆಗೆದು, ವಿಮೆಯನ್ನೂ ಮಾಡಿಸಿ.