ಪ್ರತಿಕ್ರಿಯೆ: ಸಿಯಾ ಕೊಲಿಸಿಯವರ ನಾಯಕತ್ವ ಕುರಿತು

ಸಿಯಾ ಕೊಲಿಸಿಯವರನ್ನು ದಕ್ಷಿಣ ಆಫ್ರಿಕಾ ರಗ್ಬಿ ತಂಡದ ಮೊದಲ ಕಪ್ಪು ವರ್ಣೀಯ ಟೆಸ್ಟ್ (ಅಂತರರಾಷ್ಟ್ರೀಯ ಪಂದ್ಯಗಳ) ನಾಯಕರನ್ನಾಗಿ ಮಾಡಿದ್ದು ಬರೀ ಸಾಂಕೇತಿಕವಲ್ಲವೇ ಎಂದು ಕೇಳಿದ್ದೀರಿ, ಖಂಡಿತ ಅಲ್ಲ. ಜ್ವಿಡೆಯ ಬಡ ಬಡಾವಣೆಯಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದು, ವಿದ್ಯಾರ್ಥಿವೇತನ ಪಡೆದು ಗ್ರೇ ಶಾಲೆ ಸೇರಿದ ಅವರು 2013ರಲ್ಲೇ ಟೆಸ್ಟ್ ಆಡಿದ್ದರು. ನಾಯಕತ್ವ ಒಲಿದದ್ದು 2018ರಲ್ಲಿ. ಜೋಹಾನ್ಸ್‌ಬರ್ಗ್‌ನ ಎಲಿಸ್ ಪಾರ್ಕ್‌ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಆ ಮೊದಲ ಪಂದ್ಯದಲ್ಲೇ 3-24ರ ಹಿನ್ನಡೆಯಿಂದ ಮೇಲೆದ್ದ ತಂಡ 42-39ರಿಂದ ಗೆದ್ದಿತು.

2019ರ ವಿಶ್ವಕಪ್ ಗೆಲುವು ಎಲ್ಲರಿಗೂ ತಿಳಿದದ್ದೇ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು 2023ರದು: ಏಪ್ರಿಲ್‌ನಲ್ಲಿ ಮೊಣಕಾಲಿನ ತೀವ್ರ ಗಾಯಕ್ಕೆ ಒಳಗಾಗಿ, ಆಗಸ್ಟ್‌ನಲ್ಲಿ ಮರಳಿದ ನಾಯಕ, ಪ್ಯಾರಿಸ್ ಫೈನಲ್‌ನಲ್ಲಿ ಹಳದಿ ಕಾರ್ಡ್ ಪಡೆದು ಹತ್ತು ನಿಮಿಷ ಹೊರಗೆ ಕುಳಿತಿದ್ದಾಗ, ಅವರ ಸಂಗಡಿಗರು ನ್ಯೂಜಿಲೆಂಡ್‌ಗೆ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. ಕೊನೆಗೆ ದಕ್ಷಿಣ ಆಫ್ರಿಕಾ ಪಂದ್ಯ ಗೆದ್ದದ್ದು 12-11ರಲ್ಲಿ, ಅಂದರೆ ಒಂದೇ ಅಂಕದಲ್ಲಿ.