ಫಂಕ್ಷನ್ ನಿರಂತರವಾಗಿದ್ದರೆ ಅದರ ಫೋರಿಯರ್ ಸರಣಿ ಕನ್ವರ್ಜ್ ಆಗಲೇಬೇಕಲ್ವಾ?

ಫಂಕ್ಷನ್ ನಿರಂತರ, ಪೀರಿಯಾಡಿಕ್ ಕೂಡ. ಆದರೂ ಅದರ ಫೋರಿಯರ್ ಸರಣಿ (ಸೈನ್, ಕೊಸೈನ್‌ಗಳ ಮೊತ್ತ) ಕನ್ವರ್ಜ್ ಆಗಲು, ಅಂದರೆ ಫಂಕ್ಷನ್‌ನ ಬೆಲೆಗೇ ಬಂದು ಸೇರಲು, ಪುಸ್ತಕ ಡಿರೈವೇಟಿವ್ ಬೇಕು ಅಂತ ಯಾಕೆ ಹಟ ಹಿಡಿಯುತ್ತದೆ ಅಂತ ಕೇಳಿದ್ದೀರಿ. ನಾನೂ ಬಹಳ ದಿನ ಅದನ್ನು ಸುಮ್ನೆ ಮಡಿವಂತಿಕೆ ಅಂದುಕೊಂಡಿದ್ದೆ. ಅಲ್ಲ. ಸರಣಿ ಒಂದು ಬಿಂದುವಿನಲ್ಲಿ ಡೈವರ್ಜ್ ಆಗುವಂಥ ನಿರಂತರ ಫಂಕ್ಷನ್ ಅನ್ನು ಗಣಿತಜ್ಞ ಡು ಬ್ವಾ-ರೇಮೋಂ 1870ರ ದಶಕದಲ್ಲೇ ಕಟ್ಟಿ ತೋರಿಸಿದ್ದರು.

ತಕರಾರು ಇರುವುದು ಡಿರಿಕ್ಲೆ ಕರ್ನಲ್‌ನಲ್ಲಿ. ಮೊದಲ n ಪದಗಳ ಮೊತ್ತ ಅಂದರೆ ಫಂಕ್ಷನ್‌ಗೆ ಈ ಕರ್ನಲ್‌ನ ತೂಕ ಹಾಕಿ ತೆಗೆದ ಸರಾಸರಿ. ಆದರೆ ಈ ತೂಕ ಒಮ್ಮೆ ಪ್ಲಸ್, ಒಮ್ಮೆ ಮೈನಸ್. ಚಿಹ್ನೆ ಬಿಟ್ಟು ಕೂಡಿದರೆ ಒಟ್ಟು ತೂಕ 1ರಲ್ಲಿ ನಿಲ್ಲುವುದಿಲ್ಲ, log n ಥರ ಬೆಳೆಯುತ್ತದೆ. n = 1000 ಆದಾಗ ಸುಮಾರು 4, ಹತ್ತು ಲಕ್ಷಕ್ಕೆ ಸುಮಾರು 7. ಆಮೆ ವೇಗ, ಆದರೆ ನಿಲ್ಲುವುದೇ ಇಲ್ಲ.

n ಡಿಗ್ರಿಯ ತ್ರಿಕೋನಮಿತಿ ಬಹುಪದಗಳಲ್ಲಿ (ಅಂದರೆ k ≤ n ಇರುವ sin kx, cos kx ಕೂಡಿಸಿ ಕಟ್ಟಿದ ಮೊತ್ತಗಳಲ್ಲಿ) ನಿಮ್ಮ ಫಂಕ್ಷನ್‌ಗೆ ಅತಿ ಹತ್ತಿರದ್ದು ಎಷ್ಟು ದೂರದಲ್ಲಿದೆ ನೋಡಿ. ಫೋರಿಯರ್ ಮೊತ್ತದ ತಪ್ಪು, ಹೆಚ್ಚೆಂದರೆ, ಆ ದೂರವನ್ನು log n ಅಳತೆಯಲ್ಲಿ ಹಿಗ್ಗಿಸಿದಷ್ಟು. ಬರೀ ನಿರಂತರತೆ ಇದ್ದರೆ ಆ ದೂರ ಎಷ್ಟು ನಿಧಾನವಾಗಿ ಬೇಕಾದರೂ ಸೊನ್ನೆಗೆ ಇಳಿಯಬಹುದು. ಆಗ log ಗೆದ್ದುಬಿಡಬಹುದು. ಫಂಕ್ಷನ್ ಹೋಲ್ಡರ್ α ಆಗಿದ್ದರೆ, ಅಂದರೆ ಯಾವುದೇ x, y ಗೆ |f(x) − f(y)| ಎಂಬುದು |x − y|ᵅ ನ ಒಂದು ಸ್ಥಿರ ಪಟ್ಟನ್ನು ಮೀರದಿದ್ದರೆ, ದೂರ n⁻ᵅ ವೇಗದಲ್ಲಿ ಇಳಿಯುತ್ತದೆ. α ಎಷ್ಟೇ ಚಿಕ್ಕದಿರಲಿ, log ಸೋಲುತ್ತದೆ, ಕನ್ವರ್ಜೆನ್ಸ್ ಯೂನಿಫಾರ್ಮ್ (ಎಲ್ಲ ಬಿಂದುಗಳಲ್ಲೂ ಒಟ್ಟಿಗೆ) ಆಗಿಯೇ ಬರುತ್ತದೆ.

ಅಂದರೆ ನಿಮ್ಮ ಪುಸ್ತಕ ಕೇಳುತ್ತಿರುವುದು ಅಗತ್ಯಕ್ಕಿಂತ ಜಾಸ್ತಿ. −π ಇಂದ π ವರೆಗೆ √|x| ತೆಗೆದುಕೊಳ್ಳಿ. ಸೊನ್ನೆಯ ಹತ್ತಿರ ಡಿರೈವೇಟಿವ್ ಅನಂತಕ್ಕೆ ಓಡುತ್ತದೆ. ಆದರೂ α = 1/2 ಇರುವುದರಿಂದ ಸರಣಿಗೆ ಏನೂ ಆಗುವುದಿಲ್ಲ.

ನಿರಂತರ ಫಂಕ್ಷನ್‌ನ ಸರಣಿ ಎಲ್ಲೆಡೆ ಕೆಡಬಹುದೇ? ಇಲ್ಲ. 1966ರಲ್ಲಿ ಕಾರ್ಲೆಸನ್ ಸಾಧಿಸಿದಂತೆ, ಕೆಡುವ ಬಿಂದುಗಳ ಅಳತೆ (ಒಟ್ಟು ಉದ್ದ ಅನ್ನಿ) ಸೊನ್ನೆ. ಇದರ ಪ್ರೂಫ್ ಮಾತ್ರ ಕಬ್ಬಿಣದ ಕಡಲೆ, ಈಗಲೇ ಕೈ ಹಾಕಬೇಡಿ.

ಅದಕ್ಕಿಂತ ಮೊದಲು ಫೇಯೆರ್ 1900ರಲ್ಲಿ ಕಂಡುಕೊಂಡ ಉಪಾಯ ಓದಿ. ಮೊತ್ತಗಳನ್ನೇ ನೋಡುವ ಬದಲು ಅವುಗಳ ಸರಾಸರಿ ತೆಗೆದರೆ ನಿರಂತರತೆಯೊಂದೇ ಸಾಕು. ಅಲ್ಲಿ ಬರುವ ಕರ್ನಲ್ ಎಂದೂ ಮೈನಸ್ ಆಗುವುದಿಲ್ಲ. ಹಾಗಾಗಿ ಒಟ್ಟು ತೂಕ 1ರಲ್ಲೇ ನಿಲ್ಲುತ್ತದೆ.